ಗ್ರಿಲ್ಲಿನ ಬೀಗ

ಗ್ರಿಲ್ ಗೇಟಿನ ಆಚೆ ಮಂಡಿಯೂರಿದ ಗಂಡ ಸರಳುಗಳ ನಡುವೆ ಕೈ ತೂರಿಸಿ, ಬೀಗದೊಳಗೆ ಕಡ್ಡಿಯಾಡಿಸುತ್ತಲೇ ಇದ್ದ. ಜಗಳವಾಡಿದ ಹೆಂಡತಿ, ಪೇಟೆಯಲ್ಲೇ ಅತಿ ಗಟ್ಟಿಯಾದ ಬೀಗವನ್ನು ತಂದು, ಮಹಡಿ ಹತ್ತಿ, ಮೆಟ್ಟಿಲ ತುದಿಯ ಈ ಗೇಟಿಗೆ ಒಳಗಿನಿಂದ ಜಡಿದಿದ್ದಳು. ಕೀಲಿಯಿಲ್ಲದೆ ಬೀಗ ಬಿಡಿಸುವ ಹುಚ್ಚಿನವನು ಇದಕ್ಕಾದರೂ ಸೋತು, ಬಾಯಿಬಿಟ್ಟು "ತಪ್ಪಾಯ್ತು" ಅನ್ನಲಿ ಎಂದೇ ಅವಳ ಹಟ.

ಅವನ ಹಣೆಯಿಂದ ಬೆವರಿಳಿಯುತ್ತಿತ್ತು, ಬೆರಳು ತರಚಿತ್ತು. ನನಗೋಸ್ಕರ ಎಷ್ಟು ಒದ್ದಾಡ್ತಿದ್ದಾನೆ ಪಾಪ, ಎಂದು ಅವಳ ಸಿಟ್ಟು ಕರಗಿತು. ಕೀಲಿಕೈ ಹಿಡಿದು ಗೇಟಿನ ಬಳಿ ಬರುವಷ್ಟರಲ್ಲಿ ಬೀಗ ಕಟಕ್ಕೆಂದಿತು.

"ಅಬ್ಬಾ, ಒಳಗಿನ ಕೊನೇ ಪಿನ್ನು ಏನ್ ಸತಾಯಿಸ್ತು ಕಣೇ!" ಎಂದವನೇ ಬೀಗ ಕಳಚಿ, ಅಂಗಿಗೆ ಒರೆಸಿ, ಎದೆಗವಚಿಕೊಂಡು ದಡದಡ ಮೆಟ್ಟಿಲಿಳಿದ.

ಹಾರುಹೊಡೆದ ಗೇಟಿನೆದುರು ಅವಳು ನಿಂತೇ ಇದ್ದಳು. ಕೆಳಗಿನಿಂದ ಅವನ ದನಿ ಬಂತು:

"ಆ ಕೀಲಿಕೈ ಎಲ್ಲೂ ಬಿಸಾಡ್ಬೇಡ, ಅದರ ಹಲ್ಲು ನೋಡ್ಬೇಕು!"