ಮಹಾದೇವಕ್ಕನ ಕೈ

ಕೂಸಿನ ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಇದೇ ಮೊದಲ ಎಣ್ಣೆನೀರು. ಬಿಸಿನೀರು ತೋಡಿಟ್ಟಾಗಿತ್ತು, ಆದರೆ ಮಹಾದೇವಕ್ಕ ಬಚ್ಚಲ ಹೊಸ್ತಿಲು ದಾಟಲೊಲ್ಲಳು.

"ನೀನ ಎರಿ, ಸುಮಿತಾ. ಹೋದ ಸಲ ಎರಿಯೂ ಮುಂದ ಕಾಲು ಹಿಡದು ಎತ್ತಿದಾಕಿ ನಾನು. ಮೊಮ್ಮಗಳ ತೊಡಿ ಮುರದಾಕಿ ನಾನು."

ಹಳಿಯಾಳದ ಆ ಓಣಿಯ ಅರ್ಧ ಕೂಸುಗಳಿಗೆ ಎರೆದ ಕೈ ಅದು. ಈ ಕೂಸಿನ ಎಲುಬು ಹುಟ್ಟಿನಿಂದಲೇ ಪೆಡಸು, ಸುಲಭವಾಗಿ ಮುರಿಯುವಂಥದ್ದು, ವಂಶದಲ್ಲಿ ಬಂದ ರೋಗ ಎಂದು ಡಾಕ್ಟರು ಎಷ್ಟು ಹೇಳಿದರೂ ಆಕೆಗೆ ಸಮಾಧಾನವಿರಲಿಲ್ಲ.

ಪುಣೆಯ ಪ್ರಯೋಗಾಲಯವೊಂದರಲ್ಲಿ ಇಲಿಗಳ ಆರೈಕೆ ಮಾಡುವ ಮಗಳು ಸುಮಿತಾ ಕೂಸನ್ನು ಎದೆಗೆ ಅವಚಿಕೊಂಡಳು. "ಯವ್ವಾ, ಔಷಧ ಹುಡುಕಾಕಂತ ಇದ ರೋಗದ ಇಲಿ ಸಾಕೇವಿ ನಾವು. ಬಾಲ ಹಿಡದು ಎತ್ತಂಗಿಲ್ಲ, ಅಂಗೈ ಮ್ಯಾಲ ಇಟಗೊಂಡ ಒಯ್ತೇವಿ. ಅವಕ್ಕ ಯಾರೂ ಎರಿಯಂಗಿಲ್ಲ. ಆದ್ರೂ ಮುಂಜಾನಿ ನೋಡಿದ್ರ, ಮೆತ್ತನ ಹಾಸಿಗ್ಯಾಗ ಮಲಕೊಂಡಲ್ಲೆ ಎಲುಬು ಮುರದಿರತೈತಿ. ಯಾರ ಕೈಗೆ ಬೈಯೂಣು, ಹೇಳು?"

ಮಹಾದೇವಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು. ಆಮೇಲೆ ಸೀರೆಯನ್ನು ಮೊಣಕಾಲಿಗೇರಿಸಿ, ಬಚ್ಚಲುಗಲ್ಲಿನ ಮೇಲೆ ಕುಳಿತು ಕಾಲು ಚಾಚಿ, ಎರಡೂ ಅಂಗೈ ಅಗಲಿಸಿದಳು.

"ಕೊಡು ಇಲ್ಲೆ. ಇಲಿ ಸಾಕಾಕಿಗೆ ಕೂಸಿಗೆ ಎರಿಯೂದು ಏನ್ ಗೊತ್ತೈತಿ?"