ಒಣಗಿದ ಪಟ್ಟಿ

ಗಾಯಕ್ಕೆ ಅಂಟಿದ ಪಟ್ಟಿಯನ್ನು ಉಪ್ಪುನೀರಿನಲ್ಲಿ ನೆನೆಸಿಯೇ ಬಿಡಿಸಬೇಕು. ಆಸ್ಪತ್ರೆಯ ಡ್ರೆಸ್ಸರ್ ಅಂದು ಅದನ್ನು ಒಣಗಿದ್ದ ಹಾಗೆಯೇ ಇಕ್ಕಳದಲ್ಲಿ ಹಿಡಿದ. ಮೇಜಿನ ಮೇಲೆ ಮಲಗಿದ್ದವನು ಅವನ ಭಾವ. ಅಕ್ಕನಿಗೆ ನಡತೆಗೆಟ್ಟವಳೆಂಬ ಹೆಸರು ಕಟ್ಟಿ, ಚರ್ಚಿನವರೆಲ್ಲರ ಎದುರು ಕೈಬಿಟ್ಟಿದ್ದವನು.

“ಸುನ್ನತಿ ಮಾಡಿಸ್ಕೊಂಡು ಮೂರು ದಿನ ಆಯ್ತು ಕಣಯ್ಯ. ದೇವರು ಅಬ್ರಹಾಮನ ಜೊತೆ ಮಾಡ್ಕೊಂಡ ಒಡಂಬಡಿಕೆಗೆ ಸೇರಿದೆ. ಹಳೇ ಪಾಪವೆಲ್ಲ ಕತ್ತರಿಸಿ ಹೋಯ್ತು.”

“ಅಕ್ಕನ ಮೇಲೆ ಹೊರಿಸಿದ ಸುಳ್ಳೂ ಹೋಯ್ತಾ ಭಾವ?”

“ಅದು ಬೇರೆ ಮಾತು.”

“ಬೇರೆ ಹೇಗಾಗುತ್ತೆ? ಸುನ್ನತಿ ಆಗ್ಬೇಕಾದ್ದು ಹೃದಯಕ್ಕೆ ಅಂತ ಬೈಬಲಿನಲ್ಲೇ ಪೌಲ ಬರೆದಿದ್ದಾನಲ್ಲ. ಪಾಪ, ಚರ್ಮ ಏನು ಮಾಡಿತ್ತು?” ಎನ್ನುತ್ತಲೇ ಡ್ರೆಸ್ಸರ್ ಪಟ್ಟಿಯನ್ನು ತುಸು ಎಳೆದ.

ಭಾವ ಮೇಜಿನಂಚನ್ನು ಬಿಗಿಹಿಡಿದ. “ಸುಳ್ಳು ಹೇಳಿದ್ದೆ ಮಾರಾಯ. ಅವಳದೇನೂ ತಪ್ಪಿಲ್ಲ. ಚರ್ಚಿನಲ್ಲೇ ನಿಂತು ಹೇಳ್ತೀನಿ, ಬಿಡು.”

ಮೂರು ವರ್ಷ ಕಾದಿದ್ದ ಮಾತು ಸಿಕ್ಕಿತು. ಆದರೂ ಇಕ್ಕಳ ಸಡಿಲವಾಗಲಿಲ್ಲ. ಇನ್ನೊಮ್ಮೆ ಎಳೆಯುವ ಆಸೆ ನಾಲಿಗೆಯ ಮೇಲೆ ಬೆಲ್ಲದಂತೆ ಕರಗುತ್ತಿತ್ತು. ಆ ಸಿಹಿಗೆ ಅವನೇ ಹೆದರಿದ. ಪಕ್ಕದ ಮೇಜಿನ ಹಿರಿಯ ಡ್ರೆಸ್ಸರನ್ನು ಕರೆದ.

“ಅಣ್ಣ, ಇವರನ್ನ ನೀವೇ ನೋಡಿ. ಇವತ್ತು ನನ್ನ ಕೈಯನ್ನ ನಾನೇ ನಂಬೋ ಹಾಗಿಲ್ಲ.”