ಬಣ್ಣ ನಿಲ್ಲದ ಫೋಟೋ

ಮತ್ತೆ ಬಣ್ಣ ಹೋಯಿತು.

ಫೋಟೋ ತೆರೆದ ಕ್ಷಣ ಹುಡುಗಿಯ ಜರಿ ಸೀರೆ ಕೆಂಪಗೆ ಹೊಳೆಯುತ್ತದೆ. ಮರುಕ್ಷಣ ಮುಖ, ಬಳೆ, ಮೆಹಂದಿ ಎಲ್ಲಕ್ಕೂ ಬೂದಿ ಬಳಿದಂತಾಗುತ್ತದೆ. ನಿಪ್ಪಾಣಿಯ ತನ್ನ ಸ್ಟುಡಿಯೊದಲ್ಲಿ ಸಂಜಯ ಬೆಳಗಿನಿಂದ ಇದನ್ನೇ ನೋಡುತ್ತಿದ್ದ. ಲಗ್ನದ ಸೀಸನ್ನು, ಕಣ್ಣುಗಳು ಮೊದಲೇ ಉರಿಯುತ್ತಿದ್ದವು.

ಎದುರಿಗೆ ಕೊಗನೊಳ್ಳಿಯ ರಾಜಮತಿ ಕದಲದೆ ಕುಳಿತಿದ್ದರು. ಫೋಟೋಗಳು ಅವರ ಮಗಳು ಮನಿಷಾಳವು. ತೆಗೆದವನು ಅವರ ಅಣ್ಣನ ಮಗ, ಹೊಸ ಕ್ಯಾಮೆರಾದಲ್ಲಿ. ಮೆರವಣಿಗೆ, ಉಡಿ ತುಂಬುವುದು, ಎಲ್ಲದರಲ್ಲೂ ಮನಿಷಾ ಒಬ್ಬಳೇ. ಗಂಡಿನ ಕಡೆಯವು ಬೇರೆ ಕಾರ್ಡಿನಲ್ಲಿರಬೇಕು.

"ಕ್ಯಾಮೆರಾ ಹೊಸದು, ನನ್ನ ಸಾಫ್ಟ್‌ವೇರ್ ಹಳೇದು ಕಾಕು. ಈ ರಾ ಫೈಲ್, ಅಂದ್ರ ಕ್ಯಾಮೆರಾದ ಕಚ್ಚಾ ಫೋಟೋ, ಅದಕ್ಕ ತಿಳಿಯವಲ್ದು. ಮೊದಲ ಕಾಣೂದು ಕ್ಯಾಮೆರಾ ಮಾಡಿಟ್ಟ ಸಣ್ಣ ಫೋಟೋ. ಆಮ್ಯಾಲ ಸಾಫ್ಟ್‌ವೇರ್ ತಾನ ಬಣ್ಣ ಕಟ್ಟಾಕ ಹೋಗಿ ಕೆಡಸತೈತಿ."

"ಬಣ್ಣ ಬರಬೇಕ ತಮ್ಮಾ. ಇನ್ನೊಮ್ಮೆ ತಗಿಯಾಕ ಆಗೂದಿಲ್ಲ."

ಎಲ್ಲರೂ ಹಾಗೇ ಹೇಳುತ್ತಾರೆ. ಅವನು ಕಲರ್ ಪ್ರೊಫೈಲ್ ಬದಲಿಸಿದ. ಗ್ರಾಫಿಕ್ಸ್ ಸೆಟ್ಟಿಂಗ್ ಆಫ್ ಮಾಡಿದ. ಬೂದಿ ಬೂದಿಯೇ. ಕೊನೆಗೆ ಸಾಫ್ಟ್‌ವೇರನ್ನೇ ಅಪ್‌ಡೇಟ್‌ಗೆ ಹಚ್ಚಿ ಕುರ್ಚಿಗೆ ಒರಗಿದ. ನೆಟ್ ತೆವಳುತ್ತಿತ್ತು.

"ಮಗಳು ಹೋದ್ಲೇನ್ರಿ?"

"ಹೋದ್ಲು. ಹೊಳ್ಳಿ ನೋಡಲಿಲ್ಲ."

"ಪಂಚಮಿ ಹಬ್ಬಕ್ಕ ತವರಿಗೆ ಕರೀತೀರಲ್ಲ?"

"ಕರದ್ರ ಬರೂ ಹಂಗಿಲ್ಲ. ನಾವ ಹೋಗಿ ಕಾಲಿಗೆ ಬೀಳಬೇಕು."

ಬೀಗರು ಭಾರಿ ಬಿಗಿ ಜನ ಇರಬೇಕು. ಸಂಜಯ ಮತ್ತೆ ಪರದೆಯತ್ತ ತಿರುಗಿದ.

ಅಪ್‌ಡೇಟ್ ಮುಗಿಯಿತು. ಫೋಟೋ ತೆರೆದು, ಮಂಕಾಗುವುದನ್ನೇ ಕಾಯುತ್ತ ಕುಳಿತ. ಆಗಲಿಲ್ಲ. ಸೀರೆಯ ಕೆಂಪು, ಬಳೆಯ ಹಸಿರು, ಕೆನ್ನೆಯ ಅರಿಸಿನ ಎಲ್ಲ ಹಾಗೇ ನಿಂತವು. ರಾಜಮತಿ ಎದ್ದು ಬಂದರು. ಪರದೆಯ ಮೇಲಿನ ಆ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರು.

"ಹಿಂಗ ಇದ್ಲು ನೋಡ," ಎಂದರು.

ಅವರು ಅಳುತ್ತಿದ್ದರು. ಸಂಜಯನಿಗೆ ಅದು ಹೊಸದೆನಿಸಲಿಲ್ಲ. ಹೆಣ್ಣು ಕೊಟ್ಟ ತಾಯಂದಿರು ಅಳುತ್ತಾರೆ. ಅವನು ಉಳಿದ ಫೋಟೋಗಳನ್ನು ಸರಿಸುತ್ತ ಹೋದ. ಕಡೆಯ ಸಾಲು ಬಂದಾಗ ಮೌಸ್ ನಿಲ್ಲಿಸಿದ. ಅಲ್ಲಿನ ಸಣ್ಣ ಚಿತ್ರಗಳೆಲ್ಲ ಬರೀ ಬಿಳಿ.

"ಛೆ! ಇಲ್ಲಿಂದ ಮುಂದ ಮತ್ತ ಬಣ್ಣ ಹೋಗೇತಿ ಕಾಕು. ತಡೀರಿ, ಇವನ್ನೂ ಸರಿ ಮಾಡ್ತೀನಿ."

ರಾಜಮತಿ ಅವನ ಕೈ ಹಿಡಿದು ತಡೆದರು.

"ಅವು ಸರೀನ ಅದಾವ ತಮ್ಮಾ. ಅಲ್ಲಿಂದ ಮುಂದ ಆಕಿ ಕೂದಲಾ ಕಿತ್ತಕೊಂಡು, ಬಿಳಿ ಸೀರಿ ಉಟ್ಟು, ನಮ್ಮ ಜೈನರ ದೀಕ್ಷಾ ತಗೊಂಡಾಳ."